ಜನರನ್ನು ಎಣಿಸಿ, ಬಸ್ಸು ಬಿಡಿ

ಜನಗಣತಿ ಮುಗಿದ ಮೇಲೆ ಪ್ರತಿ ಜಿಲ್ಲೆಗೂ ಒಂದು ಕೈಪಿಡಿ ಹೊರಬರುತ್ತದೆ. ಅದರಲ್ಲಿ ಹಳ್ಳಿಗಳ ಪಟ್ಟಿಯಿರುತ್ತದೆ. ಒಂದೊಂದು ಹಳ್ಳಿಯ ಹೆಸರಿನ ಮುಂದೆಯೂ ಜನ ಎಷ್ಟು, ಶಾಲೆ ಇದೆಯೇ, ಆಸ್ಪತ್ರೆ ಇದೆಯೇ, ಬಸ್ಸು ಬರುತ್ತದೆಯೇ ಎಂದು ನಮೂದಿಸಿರುತ್ತಾರೆ. ಬಸ್ಸು ಬಾರದ ಊರಾದರೆ ಎಷ್ಟು ದೂರ ಹೋದರೆ ಸಿಗುತ್ತದೆ ಎನ್ನುವುದಕ್ಕೂ ಗುರುತುಗಳಿವೆ: ಐದು ಕಿಲೋಮೀಟರಿನೊಳಗೆ, ಐದರಿಂದ ಹತ್ತು, ಹತ್ತಕ್ಕೂ ಆಚೆ. ಸರಕಾರವೊಂದು ತನ್ನ ಜನರಿಗೆ ಕೇಳಬಹುದಾದ ಮರ್ಯಾದೆಯ ಪ್ರಶ್ನೆಗಳಲ್ಲಿ ಇದೂ ಒಂದು ಎಂದು ನಾನು ನಂಬಿದ್ದೇನೆ. ನೀವು ಎಷ್ಟು ಜನ ಇದ್ದೀರಿ, ಊರಿನಿಂದ ಹೊರಗೆ ಹೋಗಿಬರುವುದು ಹೇಗೆ?

ಬೆಂಗಳೂರಿನ ಪೂರ್ವಕ್ಕಿರುವ ನಮ್ಮ ವರ್ತೂರಿಗೆ ಈಗ ಈ ಪ್ರಶ್ನೆ ಇಲ್ಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳು, ಒಂದು ಪುರಸಭೆ, 110 ಹಳ್ಳಿಗಳು ಬೆಂಗಳೂರಿಗೆ ಸೇರಿದವು. ವರ್ತೂರು ಆ ವಿಸ್ತರಣೆಯಲ್ಲೇ ವಾರ್ಡಾಯಿತು. ಹಳ್ಳಿಗಳ ಪಟ್ಟಿಯಿಂದ ಹೆಸರು ಹೋಯಿತು, ಹೆಸರಿನ ಜೊತೆಗೆ ಬಸ್ಸಿನ ಕಾಲಮ್ಮೂ ಹೋಯಿತು. ಇಂಥ ವಾರ್ಡಿನ ಇಂಥ ಬೀದಿಗೆ ಬಸ್ಸು ಮುಟ್ಟುತ್ತದೆಯೇ ಎಂದು ನಗರದಲ್ಲಿ ಯಾರೂ ಕೇಳುವುದಿಲ್ಲ. ನಗರ ಎಂದ ಮೇಲೆ ಬಸ್ಸು ಇದ್ದೇ ಇರುತ್ತದೆ ಎಂದು ಮೇಲಿನವರು ಅಂದುಕೊಂಡುಬಿಟ್ಟಿದ್ದಾರೆ. ಅವರು ಹಾಗೆ ಅಂದುಕೊಂಡದ್ದಕ್ಕೆ ವರ್ತೂರಿನ ಸುತ್ತಲಿನ ಗುಂಜೂರು, ಬಳಗೆರೆ, ಸೊರಹುಣಸೆ, ವಾಲೇಪುರದ ಜನ ಇವತ್ತಿಗೂ ಕಾಲು ಸವೆಸುತ್ತಿದ್ದಾರೆ.

ವರ್ತೂರಿನ ಮುಖ್ಯರಸ್ತೆಗೆ ಬಸ್ಸು ಬರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ನಾನು ಕೇಳುತ್ತಿರುವುದು ಮುಖ್ಯರಸ್ತೆಯಿಂದ ಒಳಗಿರುವವರ ಮಾತು. ಬೆಳಿಗ್ಗೆ ಐದಕ್ಕೆ ಹೊರಡಬೇಕಾದವರ ಮಾತು. ರಾತ್ರಿ ಹತ್ತರ ಮೇಲೆ ಮನೆ ಸೇರಬೇಕಾದವರ ಮಾತು. ಬಸ್ಸಿದ್ದೂ ವರ್ತೂರು ಕೆರೆಯ ಕೋಡಿಯ ಹತ್ತಿರ ಅದು ನಿಂತಲ್ಲೇ ನಿಂತಾಗ ಇಳಿದು ನಡೆಯುವವರ ಮಾತು.

ಮೊದಲು ಜನಸಂಖ್ಯೆಯ ಲೆಕ್ಕ ನೋಡೋಣ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65 ಲಕ್ಷ ಜನ ಇದ್ದರು, 2011ಕ್ಕೆ 96 ಲಕ್ಷವಾದರು. ಒಂದೇ ದಶಕದಲ್ಲಿ ನೂರಕ್ಕೆ 47ರಷ್ಟು ಏರಿಕೆ. ಅಲ್ಲಿಗೆ ಎಣಿಕೆ ನಿಂತುಹೋಯಿತು. 2021ರ ಗಣತಿ ನಡೆಯಲೇ ಇಲ್ಲ. ಬಳಗೆರೆ, ಪಾಣತ್ತೂರು, ಗುಂಜೂರಿನ ಕಡೆ ಗದ್ದೆ, ತೋಟ, ಗೋಮಾಳಗಳ ಮೇಲೆ ಹತ್ತಾರು ಅಂತಸ್ತಿನ ಅಪಾರ್ಟ್‌ಮೆಂಟುಗಳು ಸಾಲಾಗಿ ಎದ್ದದ್ದು, ಪಿ.ಜಿ.ಗಳು ತುಂಬಿದ್ದು, ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ಡುಗಳು ಎದ್ದದ್ದು ಬಹುಪಾಲು ಆ ಎಣಿಕೆಯ ನಂತರ. ಕಾಗದದ ಮೇಲೆ ನಾವಿನ್ನೂ 2011ರ ವರ್ತೂರು. ಪಡಿತರದ ಅಕ್ಕಿಯೂ ಹಾಗೆಯೇ: ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ರಾಜ್ಯಕ್ಕೆ ಎಷ್ಟು ಜನರ ಪಾಲು ಎಂಬುದು ಇನ್ನೂ 2011ರ ಜನಸಂಖ್ಯೆಯ ಮೇಲೆಯೇ ನಿಂತಿದೆ. ಅಕ್ಕಿ ಸಾಲದಿದ್ದರೆ ಅಂಗಡಿ ಮುಂದೆ ಕ್ಯೂ ಕಾಣುತ್ತದೆ. ಬಸ್ಸು ಸಾಲದಿದ್ದರೆ ಜನ ಅಲ್ಲಿ ಇಲ್ಲಿ ಚೆದುರಿ ಆಟೊ, ಟೆಂಪೊ, ಯಾರದೋ ಬೈಕು ಹತ್ತಿ ಹೋಗಿಬಿಡುತ್ತಾರೆ, ಕೊರತೆ ಕಣ್ಣಿಗೆ ಬೀಳುವುದೇ ಇಲ್ಲ.

ಈ ಊರಿನಲ್ಲಿ ಇವತ್ತು ಇರುವವರು ಯಾರು? ಕೆರೆಯ ನೀರಿನಲ್ಲಿ ಭತ್ತ ಬೆಳೆದು, ಆಮೇಲೆ ಸೊಪ್ಪು ತರಕಾರಿ ಬೆಳೆದು, ಹಾಲು ಕರೆದು ಬೆಂಗಳೂರಿಗೆ ಹೊತ್ತುಹಾಕಿದ ಮನೆತನಗಳಿವೆ. ವೈಟ್‌ಫೀಲ್ಡಿನ ಐಟಿ ಪಾರ್ಕಿಗೂ ಹೊರವರ್ತುಲ ರಸ್ತೆಯ ಕಂಪನಿಗಳಿಗೂ ದುಡಿಯಲು ಬಂದ ಓದಿದ ಮಕ್ಕಳಿದ್ದಾರೆ. ಆ ಕಟ್ಟಡಗಳನ್ನು ಕಟ್ಟಿದವರಿದ್ದಾರೆ: ರಾಯಚೂರು, ಯಾದಗಿರಿ, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದವರು, ಒಡಿಶಾ, ಬಿಹಾರ, ಬಂಗಾಳದಿಂದ ಕಸ ಆಯಲು, ಕಾವಲು ಕಾಯಲು, ಮನೆಗೆಲಸಕ್ಕೆ ಬಂದವರು. ಇವರು ಎಷ್ಟು ಮಂದಿ ಎಂದು ಕೇಳಿದರೆ ಯಾವ ಕಚೇರಿಯೂ ಉತ್ತರ ಹೇಳಲಾರದು. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಇಂಥವರ ಶೆಡ್ಡುಗಳನ್ನು ನೆಲಸಮ ಮಾಡಿದರು. ಹೊರದೇಶದವರೆಂಬ ಗುಮಾನಿಯಲ್ಲಿ ಮನೆ ಕಳೆದುಕೊಂಡವರಲ್ಲಿ ನಮ್ಮದೇ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು. ಹೈಕೋರ್ಟು ಮಧ್ಯೆ ಬಂದು ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಎಣಿಕೆಗೆ ಸಿಗದವರನ್ನು ಎಬ್ಬಿಸಿ ಓಡಿಸುವುದು ಸುಲಭ ಎಂಬುದನ್ನು ನಾವು ನಮ್ಮ ನೆರೆಯಲ್ಲೇ ನೋಡಿದ್ದೇವೆ.

ಇನ್ನು ದಾರಿ. ವರ್ತೂರಿನ ಕಷ್ಟ ಅರ್ಥವಾಗಬೇಕಾದರೆ ನೆಲದ ರಚನೆ ಗೊತ್ತಿರಬೇಕು. 440 ಎಕರೆಗೂ ಮಿಕ್ಕಿದ ವರ್ತೂರು ಕೆರೆ ಬೆಂಗಳೂರಿನಲ್ಲಿ ಎರಡನೆಯ ದೊಡ್ಡ ಕೆರೆ. ಅದಕ್ಕಿಂತ ಮೇಲೆ ಇನ್ನೂ ದೊಡ್ಡದಾದ ಬೆಳ್ಳಂದೂರು ಕೆರೆ. ಅಲ್ಲಿಂದ ಹರಿದ ನೀರು ಇಲ್ಲಿ ತುಂಬಿ, ಕೋಡಿ ಬಿದ್ದು, ದಕ್ಷಿಣ ಪಿನಾಕಿನಿಯತ್ತ ಹೋಗುತ್ತದೆ. ಪಡುವಣಕ್ಕೆ ಸೇಲಂ ಕಡೆಯ ರೈಲು ಹಳಿ. ಕೆರೆಗಳನ್ನು ಸುತ್ತಬೇಕು, ಹಳಿಯ ಅಡಿಯಲ್ಲಿ ನುಸುಳಬೇಕು. ಹೀಗಾಗಿ ಹೊರಗೆ ಹೋಗುವ ದಾರಿಗಳು ಬೆರಳೆಣಿಕೆಯವು, ಎಲ್ಲರೂ ವರ್ತೂರು ಕೋಡಿಯಲ್ಲೋ ಪಾಣತ್ತೂರಿನ ರೈಲ್ವೆ ಅಂಡರ್‌ಪಾಸಿನಲ್ಲೋ ಬಂದು ಸೇರಲೇಬೇಕು. ಎತ್ತಿನ ಗಾಡಿ ಓಡಾಡುತ್ತಿದ್ದ ಅಗಲದ ರಸ್ತೆಗಳಲ್ಲಿ ಈಗ ಸಿಮೆಂಟ್ ಮಿಕ್ಸರ್, ನೀರಿನ ಟ್ಯಾಂಕರ್, ಶಾಲಾ ವಾಹನ, ಕ್ಯಾಬು, ಬೈಕು, ಅವುಗಳ ನಡುವೆ ಬಸ್ಸು. 2015ರಲ್ಲಿ ಕೋಡಿಯಿಂದ ಎದ್ದ ವಿಷದ ನೊರೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಮೆತ್ತಿದ್ದನ್ನು ದೇಶವೆಲ್ಲ ನೋಡಿತು. 2022ರ ಸೆಪ್ಟೆಂಬರಿನ ಮಳೆಗೆ ಈ ಸೀಮೆ ಮುಳುಗಿ, ಕಂಪನಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. 2025ರ ಸೆಪ್ಟೆಂಬರಿನಲ್ಲಿ ಪಾಣತ್ತೂರು–ಬಳಗೆರೆ ರಸ್ತೆಯಲ್ಲಿ ಮಕ್ಕಳಿದ್ದ ಶಾಲಾ ಬಸ್ಸೊಂದು ಗುಂಡಿಗೆ ವಾಲಿ ನಿಂತಿತು.

ಅದೇ ತಿಂಗಳು ಬೆಳ್ಳಂದೂರಿನ ಕಂಪನಿಯೊಂದರ ಮುಖ್ಯಸ್ಥರು, ಈ ರಸ್ತೆಗಳಲ್ಲಿ ಇನ್ನು ಸಾಧ್ಯವಿಲ್ಲ, ಇಲ್ಲಿಂದ ಹೊರಡುತ್ತೇವೆ ಎಂದು ಬಹಿರಂಗವಾಗಿ ಹೇಳಿದರು. ಮಂತ್ರಿಗಳು ಉತ್ತರ ಕೊಟ್ಟರು, ಗುಂಡಿ ಮುಚ್ಚಲು ಗಡುವು ಹೊರಟಿತು. ಮುಖ್ಯಮಂತ್ರಿಗಳು ವಿಪ್ರೊ ಸಂಸ್ಥೆಯ ಅಜೀಂ ಪ್ರೇಮ್‌ಜಿಯವರಿಗೆ ಪತ್ರ ಬರೆದು, ಹೊರವರ್ತುಲ ರಸ್ತೆಯ ದಟ್ಟಣೆ ಇಳಿಸಲು ಸರ್ಜಾಪುರ ರಸ್ತೆಯ ಕ್ಯಾಂಪಸ್ಸಿನೊಳಗೆ ವಾಹನಗಳಿಗೆ ದಾರಿ ಬಿಡುವಂತೆ ಕೇಳಿದರು, ಸಂಸ್ಥೆ ಒಪ್ಪಲಿಲ್ಲ. ಕಂಪನಿಯವರ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಗುಂಜೂರಿನ ಹುಡುಗಿಯೊಬ್ಬಳು ಬಸ್ಸು ಬಾರದೆ ಕಾಲೇಜು ಬಿಟ್ಟರೆ ಯಾವ ಮಂತ್ರಿ ಉತ್ತರ ಕೊಡುತ್ತಾರೆ? ಆಕೆಯ ಪರವಾಗಿ ಯಾರು ಯಾರಿಗೆ ಪತ್ರ ಬರೆಯುತ್ತಾರೆ?

ಈ ಹುಡುಗಿಯರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಹತ್ತನೇ ತರಗತಿವರೆಗೆ ಊರಿನಲ್ಲೋ ಪಕ್ಕದೂರಿನಲ್ಲೋ ಓದು ನಡೆಯುತ್ತದೆ. ಆಮೇಲೆ ಬೇಕಾದ ವಿಷಯ ಓದಲು ಕೆ.ಆರ್. ಪುರವೋ ಮಾರತ್ತಹಳ್ಳಿ ಕಡೆಯೋ ಹೋಗಬೇಕು. ಗಂಡುಮಗನಿಗೆ ಅಪ್ಪ ಸಾಲ ಮಾಡಿ ಬೈಕು ಕೊಡಿಸುತ್ತಾನೆ. ಹೆಣ್ಣುಮಗಳಿಗೆ ಬಸ್ಸೇ ಗತಿ. ಸಂಜೆಯ ಬಸ್ಸು ಒಂದು ಗಂಟೆ ತಡವಾದರೆ ತಾಯಿ ಸ್ಟಾಪಿಗೆ ಬಂದು ನಿಲ್ಲುತ್ತಾಳೆ. ವಾರಕ್ಕೆ ಮೂರು ದಿನ ತಡವಾದರೆ ಮನೆಯಲ್ಲಿ ಮಾತು ಶುರುವಾಗುತ್ತದೆ. ಸ್ಟಾಪಿನಿಂದ ಮನೆಗೆ ದೀಪವಿಲ್ಲದ, ಫುಟ್‌ಪಾತಿಲ್ಲದ ದಾರಿ. ಪಕ್ಕದಲ್ಲಿ ಕಾಮಗಾರಿಯ ತಗಡು, ಎದುರಿಗೆ ಟಿಪ್ಪರಿನ ಬೆಳಕು. ಓದಿದ್ದು ಸಾಕು ಎಂದು ಒಂದು ದಿನ ತೀರ್ಮಾನವಾಗುತ್ತದೆ. ಕಾಲೇಜಿನ ದಾಖಲೆಯಲ್ಲಿ ಇದು ಗೈರುಹಾಜರಿ. ಸಾರಿಗೆ ಇಲಾಖೆಯ ಯಾವ ಕಡತದಲ್ಲೂ ಇದು ಬರುವುದಿಲ್ಲ. ಆದರೆ ಆ ತೀರ್ಮಾನ ಮಾಡಿದ್ದು ಬಸ್ಸು. ನಾವು ಓಡಿಸದೆ ಬಿಟ್ಟ ಬಸ್ಸು.

ದುಡಿಯುವ ತಾಯಂದಿರ ಪಾಡು ಇನ್ನೊಂದು ಬಗೆಯದು. ಕಂಪನಿಯ ಹೌಸ್‌ಕೀಪಿಂಗ್ ಶಿಫ್ಟು ಬೆಳಿಗ್ಗೆ ಆರಕ್ಕೋ ಏಳಕ್ಕೋ ಶುರುವಾದರೆ ಅವರು ಮನೆ ಬಿಡುವುದು ಇನ್ನೂ ಕತ್ತಲಿರುವಾಗ. ರಾತ್ರಿ ಪಾಳಿಯ ಹೆಣ್ಣುಮಕ್ಕಳನ್ನು ಮನೆಯಿಂದ ಕರೆದೊಯ್ದು ಮನೆಗೆ ಬಿಡಬೇಕೆಂಬ ಷರತ್ತು ಕರ್ನಾಟಕದಲ್ಲಿದೆ. ಹಾಗೆ ಇರಲೇಬೇಕು. ಆದರೆ ಕಾನೂನು ಲೆಕ್ಕ ಹಿಡಿಯುವುದು ಕೆಲಸದ ಹೊತ್ತನ್ನು. ಆರು ಗಂಟೆಯ ಪಾಳಿ ಕಾನೂನಿನ ಕಣ್ಣಿಗೆ ಹಗಲಿನ ಕೆಲಸ. ಅದನ್ನು ಮುಟ್ಟಲು ನಾಲ್ಕೂವರೆಗೆ ಎದ್ದು ಬೀದಿನಾಯಿಗಳ ನಡುವೆ ನಡೆದು ಬಂದ ಹೊತ್ತು ಯಾವ ಲೆಕ್ಕಕ್ಕೂ ಇಲ್ಲ. ಕ್ಯಾಬಿನಲ್ಲಿ ಬರುವವರ ಮೇಜು ಒರೆಸುವವಳು ಕತ್ತಲಲ್ಲಿ ನಡೆದೇ ಬರಬೇಕೆಂದು ಯಾವ ಧರ್ಮ ಹೇಳುತ್ತದೆ?

ಶಕ್ತಿ ಯೋಜನೆ ಬಂದದ್ದು 2023ರ ಜೂನ್ 11ರಂದು. 2025ರ ಜುಲೈ ಹೊತ್ತಿಗೆ ಐನೂರು ಕೋಟಿ ಉಚಿತ ಟಿಕೆಟ್ ಹರಿದಾಗಿತ್ತು. ಹೆಣ್ಣುಮಕ್ಕಳನ್ನು ಹೊಸಿಲು ದಾಟಿಸಿದ ಯೋಜನೆಗಳಲ್ಲಿ ಇದಕ್ಕೆ ಸಮನಾದದ್ದು ನಮ್ಮ ಕಾಲದಲ್ಲಿ ಕಡಿಮೆ. ಹಾಗಿದ್ದೂ ಬಸ್ಸು ಬಾರದ ಬೀದಿಯಲ್ಲಿ ಉಚಿತ ಟಿಕೆಟ್ ಏನು ಮಾಡೀತು? ಗುಂಜೂರು ಪಾಳ್ಯದ ಒಳಗೆ ಇರುವ ಅಜ್ಜಿ ತಾಲ್ಲೂಕು ಕಚೇರಿಯ ಕೆಲಸಕ್ಕೆ ಕೆ.ಆರ್. ಪುರಕ್ಕೆ ಹೋಗಬೇಕೆಂದರೆ ಮೊದಲು ಆಟೊದವನಿಗೆ ದುಡ್ಡು ಹೊಂದಿಸಬೇಕು. ಕರ್ನಾಟಕದ ಗುರುತಿನ ಚೀಟಿ ಇಲ್ಲದ ಒಡಿಯಾ, ಬಂಗಾಳಿ ಹೆಂಗಸರಿಗೆ ಆ ಟಿಕೆಟ್ಟೂ ಇಲ್ಲ. 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ 15ರಷ್ಟು ಏರಿದ್ದು ಅವರ ಸೆರಗಿನ ಗಂಟಿನಿಂದಲೇ ಹೋಗುತ್ತದೆ.

ಮೆಟ್ರೊ ಬಂದಿತಲ್ಲ ಎನ್ನುತ್ತಾರೆ. ಬಂದಿತು. 2023ರ ಮಾರ್ಚ್ 25ಕ್ಕೆ ಕೆ.ಆರ್. ಪುರದಿಂದ ವೈಟ್‌ಫೀಲ್ಡ್ ಕಾಡುಗೋಡಿವರೆಗೆ ರೈಲು ಓಡಿತು, ಅಕ್ಟೋಬರ್ 9ಕ್ಕೆ ಬೈಯಪ್ಪನಹಳ್ಳಿಯ ಕೊಂಡಿಯೂ ಕೂಡಿಕೊಂಡಿತು. ಅದು ಕುಂದಲಹಳ್ಳಿ, ನಲ್ಲೂರಹಳ್ಳಿ, ಸತ್ಯಸಾಯಿ ಆಸ್ಪತ್ರೆ, ಹೋಪ್ ಫಾರ್ಮ್ ಮೇಲೆ ಹೋಗುತ್ತದೆ. ವರ್ತೂರಿನಿಂದ ಆ ನಿಲ್ದಾಣಗಳು ಐದಾರು ಕಿಲೋಮೀಟರ್ ದೂರ. ಒಳಗಿನ ಹಳ್ಳಿಗಳಿಂದ ಇನ್ನೂ ಆಚೆ. ಆ ಐದಾರು ಕಿಲೋಮೀಟರ್ ದಾಟಿಸುವ ಬಸ್ಸು ಹತ್ತು ನಿಮಿಷಕ್ಕೊಂದರಂತೆ ಇದ್ದಿದ್ದರೆ ಮೆಟ್ರೊ ನಮ್ಮದೂ ಆಗುತ್ತಿತ್ತು. ಕೊಲಂಬಿಯಾದ ಬೊಗೊಟಾ ನಗರ 2000ದಲ್ಲಿ ಟ್ರಾನ್ಸ್‌ಮಿಲೆನಿಯೊ ಬಸ್ ವ್ಯವಸ್ಥೆ ಶುರು ಮಾಡಿದಾಗ, ಊರಂಚಿನ ಬಡವರ ಬಡಾವಣೆಗಳಿಂದ ದೊಡ್ಡ ನಿಲ್ದಾಣಕ್ಕೆ ಜನರನ್ನು ತರುವ ಪೂರಕ ಬಸ್ಸುಗಳನ್ನು ಜೊತೆಗೇ ಬಿಟ್ಟಿತು. ನಮ್ಮಲ್ಲಿ ಮೊದಲು ಕಂಬ ಏಳುತ್ತದೆ, ಆಮೇಲೆ ರೈಲು ಬರುತ್ತದೆ, ನಿಲ್ದಾಣಕ್ಕೆ ಹೇಗೆ ಬರುತ್ತೀರಿ ಎಂಬ ಪ್ರಶ್ನೆ ಎಲ್ಲ ಮುಗಿದ ಮೇಲೆ.

ಎಲೆಕ್ಟ್ರಾನಿಕ್ ಸಿಟಿಯನ್ನು ನೋಡಿ ಎಚ್ಚರಗೊಳ್ಳಬೇಕಿತ್ತು. ಕಾರಿನವರಿಗೆ ಸಿಲ್ಕ್‌ಬೋರ್ಡ್ ಬಳಿಯಿಂದ ಸುಮಾರು ಹತ್ತು ಕಿಲೋಮೀಟರ್ ಉದ್ದದ ಟೋಲ್ ಮೇಲ್ಸೇತುವೆ 2010ರಲ್ಲೇ ಸಿಕ್ಕಿತು. ಬೊಮ್ಮಸಂದ್ರದ ಕಾರ್ಖಾನೆಗಳಿಗೆ ದುಡಿಯಲು ಹೋಗುವವರಿಗೆ ಹಳದಿ ಮಾರ್ಗದ ಮೆಟ್ರೊ ಸಿಕ್ಕಿದ್ದು 2025ರ ಆಗಸ್ಟಿನಲ್ಲಿ. ಆ ಹದಿನೈದು ವರ್ಷ ಸೇತುವೆಯ ಕೆಳಗೆ ಬಸ್ಸಿನಲ್ಲಿ ನಿಂತು ಬೆವರಿದವರ ಆಯುಸ್ಸನ್ನು ಯಾರು ವಾಪಸು ಕೊಡುತ್ತಾರೆ? ವರ್ತೂರಿಗೂ ಮೇಲ್ಸೇತುವೆಯ ಮಾತೇ ಮೊದಲು ಕೇಳಿಬರುತ್ತಿದೆ. ಸೇತುವೆ ಕಟ್ಟಲು ವರ್ಷಗಳು ಬೇಕು. ಬಸ್ಸು ಬಿಡಲು ಒಂದು ಆದೇಶ, ಒಂದಿಷ್ಟು ಚಾಲಕರು, ಒಂದು ಡಿಪೋ ಸಾಕು.

ಬಿಎಂಟಿಸಿಯವರೇ, ನಿಮ್ಮ ಬಳಿ ಸುಮಾರು ಏಳು ಸಾವಿರ ಬಸ್ಸುಗಳಿವೆ, ದಿನಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಅವು ಹೊರುತ್ತವೆ. ಒಂದು ಕೋಟಿಗೂ ಮೀರಿ ಖಾಸಗಿ ವಾಹನ ನೋಂದಣಿಯಾಗಿರುವ ಈ ಊರು ಇನ್ನೂ ಉಸಿರಾಡುತ್ತಿರುವುದು ನಿಮ್ಮ ಚಾಲಕರು, ಕಂಡಕ್ಟರುಗಳಿಂದ. ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ಕರ್ನಾಟಕದ ಹಲವು ಹಳ್ಳಿಗಳಲ್ಲಿ ಹಾಲ್ಟಿಂಗ್ ಬಸ್ಸು ಎಂಬುದಿದೆ: ರಾತ್ರಿ ಕೊನೆಯ ಟ್ರಿಪ್ಪು ಮುಗಿಸಿ ಊರಲ್ಲೇ ತಂಗಿ, ಬೆಳಗಿನ ಜಾವ ಮೊದಲ ಟ್ರಿಪ್ಪಿಗೆ ಅಲ್ಲಿಂದಲೇ ಹೊರಡುವ ಬಸ್ಸು. ಎಷ್ಟು ತಲೆಮಾರು ಆ ಬಸ್ಸು ಹತ್ತಿ ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ ಹೋಗಿಲ್ಲ! ಮಲೆನಾಡಿನ ಮೂಲೆಯ ಊರಿಗೆ ಇರುವ ಆ ಸೌಕರ್ಯ ಬೆಂಗಳೂರಿನೊಳಗಿನ ಗುಂಜೂರಿಗೆ, ಸೊರಹುಣಸೆಗೆ, ಬಳಗೆರೆಗೆ ಕೊಡಿ. ಬೆಳಿಗ್ಗೆ ನಾಲ್ಕೂವರೆಗೆ ಹೊರಡಲಿ, ರಾತ್ರಿ ಹನ್ನೊಂದಕ್ಕೆ ಬಂದು ಸೇರಲಿ. ದೊಡ್ಡ ಬಸ್ಸು ತಿರುಗದ ಕಡೆ ಚಿಕ್ಕದು ಬಿಡಿ. ಒಂಬತ್ತು ಮೀಟರಿನ ಎಲೆಕ್ಟ್ರಿಕ್ ಬಸ್ಸುಗಳನ್ನು ಮೆಟ್ರೊ ಫೀಡರಿಗೆಂದೇ ತಂದವರು ನೀವೇ. ಕಲೆಕ್ಷನ್ ಬರುವುದಿಲ್ಲ ಎಂದು ಮೊದಲ ತಿಂಗಳಲ್ಲೇ ಟ್ರಿಪ್ಪು ಕಡಿಯಬೇಡಿ. ಬಸ್ಸು ಬರುತ್ತದೆಂಬ ನಂಬಿಕೆ ಬಂದ ಮೇಲೆ ತಾನೇ ಜನ ಸ್ಟಾಪಿಗೆ ಬರುವುದು?

ಕಂಪನಿಗಳ ಮುಖ್ಯಸ್ಥರೇ, ನಿಮ್ಮ ಆವರಣದಲ್ಲಿ ದುಡಿಯುವವರಲ್ಲಿ ಸ್ಟಾಫ್ ಬಸ್ಸು ಯಾರಿಗೆ, ನಡಿಗೆ ಯಾರಿಗೆ ಎಂದು ವಿಚಾರಿಸಿ. ಗುತ್ತಿಗೆದಾರರ ಕಡೆಯವರು ಎಂಬ ನೆಪ ಬೇಡ. ನಿಮ್ಮ ಗೇಟಿನೊಳಗೆ ಬೆವರು ಹರಿಸುವವರು ನಿಮ್ಮವರೇ. ಅಪಾರ್ಟ್‌ಮೆಂಟಿನ ಸಂಘಗಳವರೇ, ಮೆಟ್ರೊಗೆ ಹೋಗಲು ನೀವು ಮಾಡಿಕೊಂಡಿರುವ ಸ್ವಂತ ವಾಹನದಲ್ಲಿ ನಿಮ್ಮ ಮನೆಗೆಲಸದ ಅಕ್ಕನಿಗೂ ಒಂದು ಸೀಟು ಕೊಡಿ. ನೀವು ಮುಚ್ಚಿದ ಹಳೆಯ ಕಾಲುದಾರಿಯನ್ನು ನಡೆಯುವವರಿಗಾದರೂ ತೆರೆಯಿರಿ. ಕಾಂಪೌಂಡಿನಾಚೆ ನಾಲ್ಕು ಅಡಿ ಜಾಗ ಬಿಟ್ಟರೆ ಒಂದು ಬಸ್ ಸ್ಟಾಪು ನಿಲ್ಲುತ್ತದೆ, ಮಳೆ ಬಂದಾಗ ಮಕ್ಕಳು ಅದರಡಿ ನಿಲ್ಲುತ್ತಾರೆ.

ನಮ್ಮ ಊರಿನ ಹಿರಿಯರಿಗೂ ಒಂದು ಮಾತು. ರಸ್ತೆ ಅಗಲವಾಗಬೇಕಾದರೆ ನಿಮ್ಮ ಅಂಗಡಿಯ ಮುಂಭಾಗ, ನಿಮ್ಮ ತಾತನ ಕಾಲದ ಜಗಲಿ ಹೋಗುತ್ತದೆ, ಆ ಸಂಕಟ ಸಣ್ಣದಲ್ಲ. ಹಣದ ಬದಲು ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ಕಾಗದ ಕೊಡುತ್ತೇವೆ ಎಂದಾಗ ನೀವು ನಂಬದಿರುವುದಕ್ಕೂ ಕಾರಣಗಳಿವೆ. ಸರಕಾರ ನ್ಯಾಯವಾದ ಬೆಲೆಯನ್ನು ನಗದಾಗಿ ಕೊಡಲಿ, ಅದಕ್ಕೆ ನಿಮ್ಮ ಜೊತೆ ನಿಲ್ಲುತ್ತೇನೆ. ಬೆಲೆ ಬಂದ ದಿನ ಜಾಗ ಬಿಡಿ. ಬಿಟ್ಟ ಜಾಗದಲ್ಲಿ ಮೊದಲು ಫುಟ್‌ಪಾತು, ಬಸ್ ಸ್ಟಾಪು ಬರಬೇಕೆಂದು ಬರೆಸಿಕೊಂಡೇ ಬಿಡಿ.

ಇದನ್ನೆಲ್ಲ ಯಾರ ಮುಂದೆ ಹೇಳುವುದು ಎಂಬುದೇ ಇಷ್ಟು ವರ್ಷ ನಮ್ಮ ಗೋಳು. ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷಕ್ಕೂ ಮೇಲೆ ವಾರ್ಡಿಗೆ ಕಾರ್ಪೊರೇಟರ್ ಇಲ್ಲದೆ ಕಳೆದೆವು. 2025ರ ಸೆಪ್ಟೆಂಬರ್ 2ರಿಂದ ಬೆಂಗಳೂರು ಐದು ಪಾಲಿಕೆಗಳಾಗಿದೆ, ನಾವು ಪೂರ್ವ ಪಾಲಿಕೆಗೆ ಸೇರಿದ್ದೇವೆ. ಬಸ್ಸು, ಮೆಟ್ರೊ, ರಸ್ತೆಗಳ ಯೋಜನೆಗಳನ್ನು ಒಂದೆಡೆ ತರಲೆಂದು ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾನೂನು 2022ರಲ್ಲೇ ಆಗಿದೆ. ಈ ಪಾಲಿಕೆಗೆ ಮತ ಕೇಳಲು ಬರುವವರ ಮುಂದೆ ಒಂದೇ ಪ್ರಶ್ನೆ ಇಡಿ: ನಮ್ಮ ಬೀದಿಯಿಂದ ಮೊದಲ ಬಸ್ಸು ಎಷ್ಟು ಗಂಟೆಗೆ, ಕೊನೆಯ ಬಸ್ಸು ಎಷ್ಟು ಗಂಟೆಗೆ? ಗಂಟೆ ಹೇಳದವರಿಗೆ ಮತ ಹಾಕಬೇಡಿ.

ಕೊನೆಗೆ ಎಣಿಕೆಯ ಕೆಲಸ. ಹದಿನಾರು ವರ್ಷಗಳ ಮೇಲೆ ಗಣತಿ ನಡೆಯುತ್ತಿದೆ: 2026ರಲ್ಲಿ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ಜನರ ಎಣಿಕೆ, ಮಾರ್ಚ್ 1 ಅದರ ಆಧಾರ ದಿನ. 2011ರ ಗಣತಿ ದುಡಿಯುವವರಿಗೆ ಕೆಲಸದ ಜಾಗ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಎಂದು ಕೇಳಿತ್ತು, ಬೇಸಾಯ ಮತ್ತು ಮನೆಯ ಕಸುಬಿನವರನ್ನು ಬಿಟ್ಟು. ಅದು ಒಳ್ಳೆಯ ಪ್ರಶ್ನೆ, ಓದಲು ಹೋಗುವ ಮಕ್ಕಳಿಗೂ ಅದನ್ನು ಕೇಳಬೇಕು. ವರ್ತೂರಿನಲ್ಲಿ ಗಣತಿಗೆ ಬರುವವರು ಹೆಚ್ಚಾಗಿ ನಮ್ಮ ಶಾಲೆಗಳ ಮೇಷ್ಟ್ರುಗಳು, ಟೀಚರುಗಳು. ಅವರಿಗೆ ಶೆಡ್ಡುಗಳ ದಾರಿ ತೋರಿಸಿ, ಭಾಷೆ ಬಾರದ ಕಡೆ ಜೊತೆಗೆ ಹೋಗಿ ಮಾತು ದಾಟಿಸಿ. ಬಾಡಿಗೆದಾರರ ಲೆಕ್ಕ ಮುಚ್ಚಿಡಬೇಡಿ ಮನೆ ಮಾಲೀಕರೇ, ನಿಮ್ಮ ಮೂರನೇ ಮಹಡಿಯ ಪಿ.ಜಿ. ಹುಡುಗನೂ ಎಣಿಕೆಗೆ ಬರಲಿ. ಪ್ರತಿ ಬೀದಿಯಲ್ಲೂ ಎಷ್ಟು ಮನೆ, ಎಷ್ಟು ಮಂದಿ ವಿದ್ಯಾರ್ಥಿಗಳು, ಎಷ್ಟು ಮಂದಿ ಬೆಳಕು ಹರಿಯುವ ಮುಂಚೆ ಹೊರಡುವವರು ಎಂದು ಯುವಕರು ತಾವೇ ಒಂದು ಪಟ್ಟಿ ಬರೆಯಲಿ. ಸರಕಾರದ ಅಂಕಿ ಪ್ರಕಟವಾಗುವವರೆಗೆ ಕಾಯಬೇಕಿಲ್ಲ. ಆ ಪಟ್ಟಿಯ ಒಂದು ಪ್ರತಿ ಬಿಎಂಟಿಸಿಯ ಶಾಂತಿನಗರದ ಕೇಂದ್ರ ಕಚೇರಿಗೆ, ಒಂದು ಪೂರ್ವ ಪಾಲಿಕೆಗೆ, ಒಂದು ಶಾಸಕರಿಗೆ ಮುಟ್ಟಲಿ. ಕೈಗೆ ಸಿಕ್ಕಿತೆಂದು ಸಹಿ ಹಾಕಿಸಿಕೊಂಡೇ ಬನ್ನಿ, ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಹೆಂಗಸರು, ಮಕ್ಕಳನ್ನೂ ಕರೆದುಕೊಂಡು ಮತ್ತೆ ಅದೇ ಕಚೇರಿಗಳಿಗೆ ಹೋಗೋಣ.